ಅನುಮೋದಕನ ಪಾಲೆಷ್ಟು?

ಮುಂಬಯಿಯ ಹಳೆಯ ಚಾಳುಗಳಲ್ಲಿ ಬಾಳಿದವರಿಗೆ ‘ಗ್ಯಾಲರಿ’ ಎಂಬ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲುಮನೆಗಳ ಮುಂದೆ ಉದ್ದಕ್ಕೂ ಹಬ್ಬಿದ ಆ ಮೊಗಸಾಲೆಯೇ ನಮ್ಮ ಊರುಗಳ ಜಗಲಿಗೂ ಅರಳಿಕಟ್ಟೆಗೂ ಬದಲಾಗಿ ಇಲ್ಲಿ ನಮಗೆ ದೊರೆತ ಸ್ಥಳ. ನಳದಲ್ಲಿ ನೀರು ಬಂತೆ, ರೇಷನ್ ಅಂಗಡಿಯಲ್ಲಿ ಸಕ್ಕರೆ ಸಿಕ್ಕಿತೆ, ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿತು, ಈ ಸಲ ಯಾವ ಪಕ್ಷಕ್ಕೆ ಮತ ಎಂಬ ಸಮಸ್ತ ವಿಚಾರಗಳೂ ಅಲ್ಲಿ, ಒಣಹಾಕಿದ ಬಟ್ಟೆಗಳ ನಡುವೆಯೇ ಚರ್ಚೆಗೊಳ್ಳುತ್ತಿದ್ದವು. ಒಬ್ಬರ ಮೇಲೆ ಇನ್ನೊಬ್ಬರು ದೂರು ಹೇಳುವುದಿದ್ದರೂ ಕಟಕಟೆಗೆ ಒರಗಿ, ಆ ಮನೆಯವರ ಕಿವಿಗೆ ಬೀಳುವಂತೆಯೇ ಹೇಳಬೇಕಾಗುತ್ತಿತ್ತು. ಗುಟ್ಟಿಗೆ ಅಲ್ಲಿ ಸ್ಥಳವಿರಲಿಲ್ಲ.

ಆ ಗ್ಯಾಲರಿ ಈಗ ಕೈಯೊಳಗಿನ ಫೋನನ್ನು ಸೇರಿದೆ. ಮುಲುಂಡಿನಲ್ಲಿರುವ ನಮ್ಮ ಸೊಸೈಟಿಯಲ್ಲಿ ನಾಲ್ಕು ವಿಂಗುಗಳು, ನೂರಕ್ಕೆ ಮಿಕ್ಕ ಮನೆಗಳು. ಎದುರು ಬಾಗಿಲಿನವರ ಮುಖಕ್ಕಿಂತ ಅವರ ವಾಟ್ಸಾಪ್ ಚಿತ್ರವೇ ನಮಗೆ ಹೆಚ್ಚು ಪರಿಚಿತ. ಇದರಿಂದ ಆಗಿರುವ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. 2020ರ ಲಾಕ್‌ಡೌನಿನಲ್ಲಿ ತರಕಾರಿ, ಹಾಲು, ಔಷಧಗಳು ಮನೆಮನೆಗೆ ತಲುಪಿದ್ದು ಈ ಗುಂಪಿನ ಮೂಲಕವೇ. ಮಕ್ಕಳು ಪರದೇಶದಲ್ಲಿದ್ದ ವೃದ್ಧ ದಂಪತಿಗಳಿಗೆ ಮೂರನೆಯ ಮಹಡಿಯ ತರುಣರು ಎರಡು ತಿಂಗಳು ಊಟ ಒದಗಿಸಿದರು. ಅದೇ ಗುಂಪಿನಲ್ಲಿ ಅದೇ ದಿನಗಳಲ್ಲಿ ರೋಗ ತಗುಲಿದವರ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಅವರನ್ನು ಕೇಳದೆಯೇ ಪ್ರಕಟಿಸಿದ್ದೂ ಉಂಟು. ಉಪಕಾರದ ಗದ್ದಲದಲ್ಲಿ ಅದನ್ನು ನಾವು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಆದರೆ ಇಂದು ವಾಚಕರ ಮುಂದಿಡಬೇಕಾಗಿರುವುದು ಬೇರೊಂದು ಪ್ರಸಂಗ. ಅದರಲ್ಲಿ ನನ್ನ ಪಾತ್ರವೂ ಇರುವುದರಿಂದ ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಕಳೆದ ಶ್ರಾವಣಮಾಸದ ಒಂದು ರಾತ್ರಿ ಒಂಬತ್ತೂವರೆಯ ಸುಮಾರಿಗೆ ಗುಂಪಿನಲ್ಲಿ ಒಂದು ಚಿತ್ರ ಬಂದಿತು. ಕೆಳಗಿನ ಮೇಜಿನ ಮೇಲೆ ಇಟ್ಟಿದ್ದರೆನ್ನಲಾದ ಪಾರ್ಸೆಲ್ ಒಂದು ಕಾಣೆಯಾಗಿತ್ತು. ಅದರೊಳಗೆ ಬೆಲೆಬಾಳುವ ಫೋನು. ಸಿಸಿಟಿವಿ ಕ್ಯಾಮೆರಾದಿಂದ ತೆಗೆದ ಆ ಚಿತ್ರದಲ್ಲಿ ನಮ್ಮ ರಾತ್ರಿಪಾಳಿಯ ವಾಚ್‌ಮನ್ ಕೈಯಲ್ಲೊಂದು ಗಂಟು ಹಿಡಿದು ಹೊರಗೆ ಹೋಗುತ್ತಿದ್ದ. ‘ನಮ್ಮ ಕಳ್ಳ ಸಿಕ್ಕ’ ಎಂದು ಚಿತ್ರದ ಕೆಳಗೆ ಹಿಂದಿಯಲ್ಲಿ ಒಂದು ಸಾಲು. ಮರುಕ್ಷಣದಿಂದ ಉತ್ತರಗಳ ಮಳೆ. ಒಬ್ಬರಿಗೆ ಅವನ ನೋಟ ಮೊದಲಿನಿಂದಲೂ ಸರಿಕಂಡಿರಲಿಲ್ಲವಂತೆ. ಇನ್ನೊಬ್ಬರಿಗೆ ಎರಡು ವರ್ಷಗಳ ಹಿಂದೆ ಕಾಣೆಯಾದ ಮಗುವಿನ ಸೈಕಲ್ ನೆನಪಾಯಿತು. ಏಜೆನ್ಸಿಗೆ ಈಗಲೇ ತಿಳಿಸಿ ಇವನನ್ನು ತೆಗೆಸಬೇಕೆಂದು ಕಮಿಟಿಯವರೊಬ್ಬರು ಬರೆದರು. ಆ ಸೂಚನೆಯ ಕೆಳಗೆ ಹಲವರು ಒಪ್ಪಿಗೆಯ ಹೆಬ್ಬೆರಳಿನ ಗುರುತು ಒತ್ತಿದರು. ನಾನೂ ಒತ್ತಿದೆ. ಆಗ ನನ್ನ ಮನಸ್ಸಿನಲ್ಲಿ ಕೋಪವಾಗಲಿ ಸಂಶಯವಾಗಲಿ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಊಟ ಮುಗಿದಿತ್ತು, ಕೈಯಲ್ಲಿ ಫೋನಿತ್ತು, ಎಲ್ಲರೂ ಒತ್ತುತ್ತಿದ್ದರು, ಅಷ್ಟೇ.

ಬೆಳಗಾಗುವಷ್ಟರಲ್ಲಿ ಆತ ಹೊರಟುಹೋಗಿದ್ದ. ಮೂರನೆಯ ದಿನ ಪಾರ್ಸೆಲ್ ದೊರೆಯಿತು. ಕೊರಿಯರಿನ ಹುಡುಗ ಅದನ್ನು ಬೇರೊಂದು ವಿಂಗಿನ ಅದೇ ಸಂಖ್ಯೆಯ ಮನೆಗೆ ಕೊಟ್ಟುಹೋಗಿದ್ದ. ಆ ಮನೆಯವರು ಊರಿಗೆ ಹೊರಡುವ ಅವಸರದಲ್ಲಿ ನೋಡದೆ ಒಳಗಿಟ್ಟಿದ್ದರು. ವಾಚ್‌ಮನ್ನಿನ ಕೈಯಲ್ಲಿದ್ದದ್ದು ಅವನ ರೊಟ್ಟಿಯ ಡಬ್ಬಿಯ ಗಂಟು. ಸೆಕ್ರೆಟರಿಯವರು ‘ಪಾರ್ಸೆಲ್ ಸಿಕ್ಕಿದೆ, ವಿಷಯ ಮುಗಿದಿದೆ’ ಎಂದು ಬರೆದರು. ಚಿತ್ರ ಹಾಕಿದವರೂ ಸೂಚನೆ ಮಾಡಿದವರೂ ತಮ್ಮ ತಮ್ಮ ಸಂದೇಶಗಳನ್ನು ಎಲ್ಲರ ಫೋನಿನಿಂದಲೂ ಅಳಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಿರಿಯರ ಕಾಲದ ಗಾದೆ. ಈಗ ಆಡಿದ ಮಾತನ್ನು ಎರಡು ದಿನಗಳಿಗೂ ಹೆಚ್ಚು ಕಾಲ ಹಿಂದೆಗೆಯುವ ಸೌಕರ್ಯವಿದೆ. ಸಂದೇಶದೊಡನೆ ಅದರ ಕೆಳಗಿದ್ದ ನನ್ನ ಹೆಬ್ಬೆರಳೂ ಅಳಿದುಹೋಯಿತು. ಸಂಜೆಯೊಳಗೆ ಗುಂಪಿನಲ್ಲಿ ನೀರಿನ ಟ್ಯಾಂಕರಿನ ದರದ ಚರ್ಚೆ ಆರಂಭವಾಯಿತು.

ನಮ್ಮ ಅಂಗಳದ ಪಾರಿಜಾತದ ಗಿಡದ ಕೆಳಗೆ ಉದುರಿದ ಹೂಗಳನ್ನು ಕಾರುಗಳ ಚಕ್ರಕ್ಕೆ ಸಿಗದಂತೆ ಆರಿಸಿ, ಎಲೆಯೊಂದರ ಮೇಲೆ ಪೂಜೆಗೆಂದು ತೆಗೆದಿಡುತ್ತಿದ್ದವನು ಆತ. ರಾತ್ರಿ ನಡೆದದ್ದನ್ನೂ ಈಗ ಗೊತ್ತಾದದ್ದನ್ನೂ ನಾನು ಹೇಳಿದಾಗ ನನ್ನ ಮಡದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೈಯಲ್ಲಿದ್ದದ್ದು ಏನಪ್ಪಾ ಎಂದು ನೀವು ಕೆಳಗಿಳಿದು ಕೇಳಬಹುದಿತ್ತು. ಲಿಫ್ಟ್ ನಡೆಯುತ್ತಲೇ ಇತ್ತಲ್ಲ” ಎಂದಳು. ಅಂದಿನಿಂದ ನನ್ನನ್ನು ಬಾಧಿಸುತ್ತಿರುವ ಪ್ರಶ್ನೆ ಇದು: ಅಂದು ನಾನು ಮಾತನಾಡಿದೆನೆ, ಇಲ್ಲವೆ? ನನ್ನ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಆದರೂ ಒಬ್ಬನ ಅನ್ನ ಹೋದ ನಿರ್ಣಯದಲ್ಲಿ ನನ್ನ ಬೆರಳಿತ್ತು.

ಈ ಬೆರಳಿನ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿ ಬಂದದ್ದುಂಟು. 2012ರ ನವೆಂಬರಿನಲ್ಲಿ ಶಿವಸೇನೆಯ ಸಂಸ್ಥಾಪಕರು ನಿಧನರಾದಾಗ ಮುಂಬಯಿ ನಗರವೆಲ್ಲ ಸ್ತಬ್ಧವಾಯಿತು. ಸಮೀಪದ ಪಾಲ್ಘರಿನ ಯುವತಿಯೊಬ್ಬಳು ಈ ಬಂದ್ ಏತಕ್ಕೆಂಬ ಅರ್ಥದ ಮಾತನ್ನು ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಮೆಚ್ಚುಗೆ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಆ ಬಂಧನದ ತರುವಾಯ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನೇ ರದ್ದುಗೊಳಿಸಿತು. ನ್ಯಾಯವಾದ ತೀರ್ಪು. ಬರೆದವಳನ್ನಾಗಲಿ ಮೆಚ್ಚಿದವಳನ್ನಾಗಲಿ ಸೆರೆಗೆ ತಳ್ಳುವ ಅಧಿಕಾರ ರಾಜ್ಯಕ್ಕೆ ಇರಬಾರದು. ಆದರೆ ರಾಜದಂಡಕ್ಕೆ ಗುರಿಯಾಗದ ಕ್ರಿಯೆಯೆಲ್ಲ ಕ್ರಿಯೆಯೇ ಅಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಮಾಡಿದವನು, ಮಾಡಿಸಿದವನು, ಪ್ರೇರೇಪಿಸಿದವನು ಎಂಬ ಮೂವರ ಸಾಲಿನಲ್ಲಿಯೇ ಅನುಮೋದಿಸಿದವನನ್ನೂ ನಿಲ್ಲಿಸಿ ಫಲದಲ್ಲಿ ಪಾಲು ಹಂಚುವುದು ನಮ್ಮಲ್ಲಿ ಬಹು ಹಳೆಯ ಲೆಕ್ಕ. ಬಾಲ್ಯದಲ್ಲಿ ಇದನ್ನು ಕೇಳಿದಾಗ ಅನುಮೋದಕನಿಗೆ ಇಷ್ಟು ದೊಡ್ಡ ಪಾಲು ಏತಕ್ಕೆಂದು ನನಗೆ ಅರ್ಥವಾಗುತ್ತಿರಲಿಲ್ಲ. ತಲೆದೂಗಿದವನು ಏನು ಮಹಾ ಮಾಡಿದ? ಆ ರಾತ್ರಿಯ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಚಿತ್ರ ಹಾಕಿದವರು ಒಬ್ಬರು, ತೆಗೆಸಬೇಕೆಂದವರು ಒಬ್ಬರು. ಇವರಿಬ್ಬರ ಮಾತಿನಿಂದ ಮಾತ್ರ ಏಜೆನ್ಸಿ ರಾತ್ರೋರಾತ್ರಿ ಅವನನ್ನು ಕಳುಹಿಸುತ್ತಿರಲಿಲ್ಲ. ‘ಸೊಸೈಟಿಯವರೆಲ್ಲರ ಅಭಿಪ್ರಾಯ’ ಎಂದು ತೋರಿಸಲು ಅವರಿಗೆ ಬೇಕಾಗಿದ್ದದ್ದು ನಮ್ಮ ಹೆಬ್ಬೆರಳುಗಳ ಸಾಲು.

ಇನ್ನು ಏನನ್ನೂ ಒತ್ತದೆ, ಏನನ್ನೂ ಬರೆಯದೆ ಸುಮ್ಮನೆ ಓದಿದವರ ಮಾತೇನು? ಗುಂಪಿನ ಬಹುಪಾಲು ಜನ ಅವರೇ. ಮಹಾಭಾರತದ ಸಭಾಪರ್ವದಲ್ಲಿ, ದ್ಯೂತದ ಬಳಿಕ ದ್ರೌಪದಿಯ ಪ್ರಶ್ನೆಗೆ ಕುರುವೃದ್ಧರು ಬಾಯಿಬಿಡದೆ ಕುಳಿತಾಗ, ವಿದುರನು ವಿರೋಚನ–ಸುಧನ್ವರ ವ್ಯಾಜ್ಯದ ಕಥೆಯನ್ನು ನೆನಪಿಸುತ್ತಾನೆ. ತಮ್ಮಿಬ್ಬರಲ್ಲಿ ಶ್ರೇಷ್ಠನಾರೆಂಬ ವಿವಾದಕ್ಕೆ ಪ್ರಾಣವನ್ನೇ ಪಣವಾಗಿಟ್ಟು ಅವರಿಬ್ಬರೂ ಪ್ರಹ್ಲಾದನ ಬಳಿಗೆ ಬರುತ್ತಾರೆ. ವಿರೋಚನನು ಅವನ ಮಗನೇ. ತಿಳಿದೂ ಹೇಳದಿದ್ದರೆ ಏನಾಗುತ್ತದೆಂದು ಪ್ರಹ್ಲಾದನು ಕಶ್ಯಪರನ್ನು ಕೇಳುತ್ತಾನೆ. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧವು ಸಭೆಯ ಮುಖ್ಯನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನಿದ್ದ ಸಭಾಸದರಿಗೆ ಎಂಬುದು ಅಲ್ಲಿ ಕಾಣುವ ವಿಭಾಗ. ಮಾಡಿದವನ ಪಾಲೂ ನೋಡಿದವರ ಪಾಲೂ ಸಮಸಮ! ಮುಖ್ಯನದು ಅದರ ಇಮ್ಮಡಿ. ಪ್ರಹ್ಲಾದನು ಮಗನ ವಿರುದ್ಧವೇ ತೀರ್ಪು ಹೇಳುತ್ತಾನೆ.

ಈ ‘ಮುಖ್ಯ’ನ ಸ್ಥಾನ ಇಂದಿನ ಗುಂಪುಗಳಲ್ಲಿ ಅಡ್ಮಿನ್ ಎಂಬವರದು. ಇದರ ಬಗೆಗೂ ನಮ್ಮ ರಾಜ್ಯದಲ್ಲೇ ಒಂದು ತೀರ್ಪಿದೆ. ಗೊಂದಿಯಾದ ಪ್ರಕರಣವೊಂದರಲ್ಲಿ ಗುಂಪಿನ ಸದಸ್ಯನು ಮಹಿಳೆಯೊಬ್ಬರ ಬಗ್ಗೆ ಅಶ್ಲೀಲವಾಗಿ ಬರೆದನೆಂದೂ, ಅಡ್ಮಿನ್ ಅವನನ್ನು ತೆಗೆಯಲೂ ಇಲ್ಲ, ಕ್ಷಮೆ ಕೇಳಿಸಲೂ ಇಲ್ಲವೆಂದೂ ದೂರಿತ್ತು. ಬೊಂಬಾಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021ರಲ್ಲಿ ಅಡ್ಮಿನ್‌ನ ಮೇಲಿನ ಮೊಕದ್ದಮೆಯನ್ನು ರದ್ದುಮಾಡಿತು. ಸದಸ್ಯನು ಬರೆಯುವುದನ್ನು ಮೊದಲೇ ತಡೆಯುವ ಶಕ್ತಿ ಅಡ್ಮಿನ್‌ಗೆ ಇಲ್ಲ. ಇಬ್ಬರಿಗೂ ಸಮಾನ ದುರುದ್ದೇಶವಿತ್ತೆಂದು ತೋರದ ಹೊರತು ಒಬ್ಬನ ಅಪರಾಧ ಇನ್ನೊಬ್ಬನಿಗೆ ಅಂಟದು ಎಂಬುದು ಅದರ ತಾತ್ಪರ್ಯ. ಕಾನೂನಿನ ದೃಷ್ಟಿಯಿಂದ ಇದೂ ಯುಕ್ತವೇ. ನ್ಯಾಯಾಲಯ ಅಳೆಯುವುದು ಶಿಕ್ಷೆಯ ಪಾಲನ್ನು. ಕಶ್ಯಪರು ಅಳೆದದ್ದು ಬೇರೆ. ನಮ್ಮ ಅಡ್ಮಿನ್ ಸಜ್ಜನರು. ತೀರ್ಪಿನ ವಾರ್ತೆಯನ್ನು ಗುಂಪಿನಲ್ಲಿ ಹಂಚಿಕೊಂಡು ನಿಶ್ಚಿಂತರಾಗಿದ್ದಾರೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ, ಅದು ದುರ್ಬಲವೂ ಅಲ್ಲ. ವಾಟ್ಸಾಪ್ ಗುಂಪು ಸಭೆಯೇ ಅಲ್ಲ. ಸಭೆಗೆ ಒಂದು ಕಾಲವಿದೆ, ಒಂದು ವಿಷಯವಿದೆ. ಸೊಸೈಟಿಯ ವಾರ್ಷಿಕ ಮಹಾಸಭೆಗಾದರೆ ಹದಿನಾಲ್ಕು ದಿನ ಮೊದಲೇ ಸೂಚನೆ ಕೊಡಬೇಕು, ನಡವಳಿ ಬರೆಯಬೇಕು. ಇಲ್ಲಿಯಾದರೋ ಬೆಳಗಿನ ಐದಕ್ಕೆ ಸುಪ್ರಭಾತದ ಚಿತ್ರ, ಹತ್ತಕ್ಕೆ ಪಾಲಿಕೆಯ ನೀರಿನ ಸೂಚನೆ, ಮಧ್ಯಾಹ್ನ ಯಾರದೋ ಜನ್ಮದಿನ, ರಾತ್ರಿ ರಾಜಕೀಯ. ಬಂದದ್ದಕ್ಕೆಲ್ಲ ಧರ್ಮಾಧರ್ಮ ವಿವೇಚಿಸಿ ಉತ್ತರ ಕೊಡುತ್ತಾ ಕುಳಿತರೆ ಗೃಹಸ್ಥನಿಗೆ ಸಂಧ್ಯಾವಂದನೆಗೂ ಬಿಡುವಾಗದು. ಜಗಲಿಯ ಹರಟೆಗೆ ಸಭೆಯ ಭಾರ ಹೊರಿಸುವುದು ಸರಿಯೆ?

ಸರಿಯಲ್ಲ, ಎಂದೇ ನಾನೂ ಹೇಳುತ್ತೇನೆ, ಹರಟೆ ಹರಟೆಯಾಗಿರುವವರೆಗೆ. 2024ರಲ್ಲಿ ಮೇ 20ರಂದು ಲೋಕಸಭೆಗೂ ನವೆಂಬರ್ 20ರಂದು ವಿಧಾನಸಭೆಗೂ ಮುಂಬಯಿಯಲ್ಲಿ ಮತದಾನ ನಡೆಯಿತು. ಆರೇ ತಿಂಗಳ ಅಂತರದಲ್ಲಿ ಎರಡು ಚುನಾವಣೆಗಳು. ನಮ್ಮ ಗುಂಪಿನಲ್ಲಿ ಎರಡು ಯುದ್ಧಗಳು. ಮೂವತ್ತು ವರ್ಷ ಒಂದೇ ಲೋಕಲ್ ಗಾಡಿಯಲ್ಲಿ ಆಫೀಸಿಗೆ ಹೋಗಿಬಂದ ಇಬ್ಬರು ಹಿರಿಯರು ಒಬ್ಬರಿಗೊಬ್ಬರು ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮನೆಯವರ ಅರಿಶಿನ–ಕುಂಕುಮದ ಹೋಗುಬರವೂ ನಿಂತಿತು. ನೋಡುವವರಿಗೆ ಖೇದವೇ. ಆದರೂ ಆ ಜಗಳದಲ್ಲಿ ಒಂದು ಸಮತೆಯಿತ್ತು: ಹೊಡೆದವರೂ ಹೊಡೆಸಿಕೊಂಡವರೂ ಗುಂಪಿನಲ್ಲಿಯೇ ಇದ್ದರು, ಇಬ್ಬರ ಕೈಯಲ್ಲಿಯೂ ಫೋನಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಅದು ತಾನಾಗಿ ತಣಿಯಿತು.

ವಾಚ್‌ಮನ್ನಿನ ಪ್ರಸಂಗ ಅಂಥದ್ದಲ್ಲ. ಅವನು ಗುಂಪಿನಲ್ಲಿ ಇರಲಿಲ್ಲ. ಕಸ ಗುಡಿಸುವವರು, ಮನೆಗೆಲಸದ ಬಾಯಿಗಳು, ಕಾರು ತೊಳೆಯುವ ಹುಡುಗರು, ಅನೇಕ ಕಡೆ ಬಾಡಿಗೆದಾರರು ಕೂಡ, ಈ ಗುಂಪುಗಳಲ್ಲಿ ದಿನವೂ ಚರ್ಚಿತರಾಗುತ್ತಾರೆ. ಸದಸ್ಯರು ಮಾತ್ರ ಅಲ್ಲ. ಒಬ್ಬನ ಹೆಸರಾಗಲಿ ಅನ್ನವಾಗಲಿ ಹರಟೆಯ ಮಧ್ಯೆ ಬಂದು ಬಿದ್ದಾಗ, ನಾವು ಬಯಸಲಿ ಬಿಡಲಿ, ಆ ಹರಟೆ ಸಭೆಯಾಗುತ್ತದೆ. ಯಾರ ಮೇಲೆ ನಿರ್ಣಯವೋ ಅವನೇ ಇಲ್ಲದ ಸಭೆ. ಕೌರವಸಭೆಯಷ್ಟು ಘೋರವಾದದ್ದು ಬೇರೊಂದಿಲ್ಲವೆಂದು ನಾವು ಹೇಳುತ್ತೇವೆ. ಅಲ್ಲಿಯೂ ದ್ರೌಪದಿ ಎದುರಿಗೆ ನಿಂತಿದ್ದಳು. ಅವಳ ಪ್ರಶ್ನೆ ಎಲ್ಲರ ಕಿವಿಗೂ ಬಿದ್ದಿತು. ಉತ್ತರಿಸಲಾರದ ಭೀಷ್ಮರು ಧರ್ಮದ ಗತಿ ಸೂಕ್ಷ್ಮವೆಂದಾದರೂ ಹೇಳಬೇಕಾಯಿತು. ಧೃತರಾಷ್ಟ್ರನ ಮಕ್ಕಳಲ್ಲಿ ವಿಕರ್ಣನೊಬ್ಬ ಎದ್ದು ನಿಂತು, ಇವಳಿಗೆ ಉತ್ತರ ಕೊಡಿ ಎಂದ. ಕರ್ಣನು ಅವನನ್ನು ಎಳೆಯನೆಂದು ಗದರಿದ. ನಮ್ಮ ವಾಚ್‌ಮನ್ನಿಗೆ ಪ್ರಶ್ನೆ ಕೇಳುವ ಅವಕಾಶವೇ ಇರಲಿಲ್ಲ. ವಿಕರ್ಣನೂ ಇರಲಿಲ್ಲ. ಹಳೆಯ ಗ್ಯಾಲರಿಯಲ್ಲಾಗಿದ್ದರೆ ಅವನು ಕೆಳಗಿನಿಂದಲೇ ತಲೆಯೆತ್ತಿ, ಗಂಟು ಬಿಚ್ಚಿ ತೋರಿಸುತ್ತಿದ್ದ. ಅರ್ಧ ನಿಮಿಷದಲ್ಲಿ ವಿಷಯ ಮುಗಿಯುತ್ತಿತ್ತು.

ಎದುರಿಗಿಲ್ಲದವನ ಮೇಲಿನ ಮಾತು ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು 2018 ನಮಗೆ ತೋರಿಸಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಆ ವರ್ಷ ಊರೂರಲ್ಲಿ ಹಬ್ಬಿದವು. ಜುಲೈ 1ರಂದು ನಮ್ಮದೇ ರಾಜ್ಯದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಭಿಕ್ಷೆಗೆ ಬಂದ ಅಲೆಮಾರಿ ಗೋಸಾವಿ ಪಂಗಡದ ಐವರನ್ನು ಜನ ಹೊಡೆದು ಕೊಂದರು. ಎರಡು ವಾರಗಳೊಳಗೆ ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಮಿತ್ರರ ಊರಿಗೆ ಬಂದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟವರ ಚಿತ್ರ ವಾಟ್ಸಾಪಿನಲ್ಲಿ ಮುಂದೆ ಓಡಿತು. ಅವರ ಕಾರು ಹಿಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ರಸ್ತೆಗೆ ಅಡ್ಡವಿಟ್ಟು ಕಾದಿದ್ದ ಜನರ ಕೈಯಲ್ಲಿ ಅವರಲ್ಲೊಬ್ಬ ಎಂಜಿನಿಯರ್ ಪ್ರಾಣ ಬಿಟ್ಟ. ಆ ಸಂದೇಶಗಳನ್ನು ದಾಟಿಸಿದವರೆಲ್ಲ ಕೊಲೆಗಡುಕರಲ್ಲ. ಬಹಳ ಮಂದಿ ತಮ್ಮ ಕೇರಿಯ ಮಕ್ಕಳ ಮೇಲಿನ ಕಾಳಜಿಯಿಂದಲೇ ದಾಟಿಸಿರಬೇಕು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಕಟ್ಟು ಹಾಕಿತು. 2020ರ ಏಪ್ರಿಲಿನಲ್ಲಿ, ಬಹಳ ಕೈ ದಾಟಿ ಬಂದವುಗಳಿಗೆ ಅದನ್ನು ಒಂದಕ್ಕೆ ಇಳಿಸಿತು. ಸಂದೇಶದ ತಲೆಯ ಮೇಲೆ ‘ದಾಟಿಸಿದ್ದು’ ಎಂಬ ಗುರುತನ್ನೂ ಹಾಕಿತು. ಇದು ನನ್ನ ಮಾತಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೆ ಎಂದು ಹೇಳಿಕೊಳ್ಳಲು ಆ ಗುರುತೇ ಈಗ ನೆಪವಾಗಿದೆ. ಆಪ್ತವಾಕ್ಯವನ್ನು ಪ್ರಮಾಣವೆಂದು ಅಂಗೀಕರಿಸುವ ಶಾಸ್ತ್ರವು ಆಪ್ತನಾದವನಿಗೆ ವಿಷಯದ ನಿಜವಾದ ತಿಳಿವು ಇರಬೇಕೆಂದೂ ವಂಚಿಸುವ ಇಚ್ಛೆ ಇರಕೂಡದೆಂದೂ ಕೇಳುತ್ತದೆ. ನಮ್ಮ ನೆರೆಯವರಲ್ಲಿ ಎರಡನೆಯದಕ್ಕೆ ಕೊರತೆಯಿಲ್ಲ. ಮೊದಲನೆಯದನ್ನು ಯಾರೂ ಕೇಳುವುದೇ ಇಲ್ಲ. ಒಳ್ಳೆಯವರು ಹೇಳಿದರೆಂಬ ಕಾರಣಕ್ಕೆ ತಿಳಿದೇ ಹೇಳಿದರೆಂದು ನಂಬಿಬಿಡುತ್ತೇವೆ. ಅಂದು ಚಿತ್ರ ಹಾಕಿದವರೂ ಒಳ್ಳೆಯವರೇ.

ಗುಂಪನ್ನೇ ಬಿಟ್ಟುಬಿಡಿ ಎಂದು ಮಿತ್ರರೊಬ್ಬರು ಸಲಹೆಯಿತ್ತರು. ಈಗ ಸದ್ದಿಲ್ಲದೆ ಹೊರಬರುವ ಅನುಕೂಲವೂ ಇದೆ. ಸಭ್ಯರ ದೋಷವನ್ನು ಬಲ್ಲ ಪ್ರಾಜ್ಞನು ಸಭೆಯನ್ನೇ ಹೊಗಬಾರದೆಂಬ ಮಾತನ್ನು ಭಾಗವತದ ದಶಮಸ್ಕಂಧದಲ್ಲಿ ಮಥುರೆಯ ಸ್ತ್ರೀಯರು ಕಂಸನ ಮಲ್ಲರಂಗದಲ್ಲಿ ಆಡುತ್ತಾರೆ. ನನಗೂ ಅದು ರುಚಿಸಿತ್ತು. ಆದರೆ ನಾನು ಹೊರಬಂದರೆ ಮುಂದಿನ ವಾಚ್‌ಮನ್ನಿಗೇನು ಲಾಭ? ನನ್ನ ಕೈ ಶುದ್ಧವಾಗುತ್ತದೆ, ಅಷ್ಟೇ, ಅದೂ ಶಂಕಾಸ್ಪದ. ಹೊಗದಿರುವುದು ಬೇರೆ, ಹೊಕ್ಕು ಹೆಬ್ಬೆರಳು ಒತ್ತಿದ ಮೇಲೆ ಹೊರಡುವುದು ಬೇರೆ.

ಆದ್ದರಿಂದ ನಾಲ್ಕನೆಯ ದಿನ ಬರೆದೆ: ಆತನ ಮೇಲೆ ನಾವು ಹೊರಿಸಿದ್ದು ಸುಳ್ಳಾಯಿತು, ನಾನೂ ಅದರಲ್ಲಿ ಸೇರಿದ್ದೆ, ಏಜೆನ್ಸಿಗೆ ಇದನ್ನು ತಿಳಿಸೋಣ ಎಂದು. ಇಬ್ಬರು ಕೈಮುಗಿದ ಗುರುತು ಹಾಕಿದರು. “ಕಾಕಾ, ಜಾವೂ ದ್ಯಾ” ಎಂದರು ಒಬ್ಬರು. ಹೋಗಲಿ ಬಿಡಿ, ಎಂದು. ಕಮಿಟಿಯ ದಾಖಲೆಯಲ್ಲಿ ಸೇರಿಸಿ ಎಂದು ಕೇಳಿದಾಗ, ಗುಂಪಿನಲ್ಲಿ ನಡೆದದ್ದು ಸಭೆಯ ನಡವಳಿಯಲ್ಲ, ಆದುದರಿಂದ ದಾಖಲೆಗೆ ಬರುವುದಿಲ್ಲ ಎಂದರು ಸೆಕ್ರೆಟರಿ. ಅವನನ್ನು ತೆಗೆಸುವಾಗ ಅದು ಸಭೆಯಾಗಿತ್ತು, ತಿದ್ದುವಾಗ ಹರಟೆಯಾಯಿತು.

ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ, ಅಧ್ಯಕ್ಷರ ಅನುಮತಿಯಿಂದ ಬರುವ ಕೊನೆಯ ವಿಷಯದಲ್ಲಿ ಎದ್ದು ನಿಂತೆ. ಮೂವತ್ತು ಮಂದಿ ಇದ್ದರು, ಚಹಾ ಬಂದಿತ್ತು. ಫೋನಿನಲ್ಲಿ ಒಂದು ಬೆರಳಿನಿಂದ ಆದದ್ದನ್ನು ಅಲ್ಲಿ ಬಾಯಿಂದ ಹೇಳುವಾಗ ನನ್ನ ಗಂಟಲು ಎರಡು ಸಲ ಕಟ್ಟಿತು. ಚಿತ್ರ ಹಾಕಿದ್ದ ಗೃಹಸ್ಥರೇ ಎದ್ದು ಅನುಮೋದಿಸಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ನಡವಳಿಯಲ್ಲಿ ಇಂಗ್ಲಿಷಿನ ಎರಡು ಸಾಲು ಸೇರಿದವು. ಅದರ ಪ್ರತಿಯನ್ನು ಸಹಿ–ಮೊಹರುಗಳೊಡನೆ ಏಜೆನ್ಸಿಯ ಕಚೇರಿಗೆ ನಾನೇ ಒಯ್ದೆ. ಆತ ಊರಿಗೆ ಹೋದನೋ ಬೇರೆ ಕಡೆ ಕೆಲಸಕ್ಕಿದ್ದಾನೋ ಅಲ್ಲಿಯ ಸೂಪರ್‌ವೈಸರಿಗೆ ಗೊತ್ತಿರಲಿಲ್ಲ. ಕಾಗದವನ್ನು ಕಡತದಲ್ಲಿ ಇಟ್ಟುಕೊಂಡರು. ಅವನ ಫೋನ್ ಸಂಖ್ಯೆ ಬದಲಾಗಿದೆಯಂತೆ. ಸಿಕ್ಕರೆ ತಿಳಿಸುತ್ತೇವೆ ಎಂದರು. ಇಷ್ಟರವರೆಗೆ ತಿಳಿಸಿಲ್ಲ.